ಶಿವಮೊಗ್ಗದಲ್ಲಿ ಶಂಕರ್‌ನಾಗ್ ಸಿನಿಮಾ ಸರಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿವಮೊಗ್ಗದ ಒಂದು ಸಣ್ಣ ಸಿನಿಮಾ ಬಳಗ. ಬಾಡಿಗೆ ಹಾಲಿನಲ್ಲಿ ಪರದೆ ಕಟ್ಟಿ, ಕುರ್ಚಿ ಜೋಡಿಸಿ, ತಿಂಗಳಿಗೆ ಎರಡು ಸಲ ಸಿನಿಮಾ ತೋರಿಸುತ್ತೇವೆ. ಈ ಸಲ ಇಡೀ ಸರಣಿಯನ್ನು ಒಬ್ಬರೇ ನಟರಿಗೆ ಮೀಸಲಿಟ್ಟಿದ್ದೇವೆ. ಪೋಸ್ಟರ್ ಅಂಟಿಸಿದ ದಿನದಿಂದ ಫೋನ್ ನಿಂತಿಲ್ಲ. ಜಾಸ್ತಿ ಜನ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಯಾವಾಗ ಶುರು? ಎಷ್ಟು ದಿನ?

ನವೆಂಬರ್ 9ರ ಸಂಜೆ ಶುರು. ಅವತ್ತು ಶಂಕರ್‌ನಾಗ್ ಹುಟ್ಟಿದ ದಿನ. ಅದು ಯಾವ ವಾರ ಬಂದರೂ ಮೊದಲ ಸಿನಿಮಾ ಅವತ್ತೇ. ಆಮೇಲೆ ಆರು ಭಾನುವಾರ, ಸಂಜೆ 4 ಗಂಟೆಗೆ. ಒಟ್ಟು ಏಳು ಸಿನಿಮಾ. ಮಕ್ಕಳಿಗಾಗಿ ಒಂದು ಭಾನುವಾರ ಬೆಳಗ್ಗೆ ‘ಮಾಲ್ಗುಡಿ ಡೇಸ್’ನ ಕೆಲವು ಕಂತುಗಳೂ ಇವೆ.

ಯಾವ ಯಾವ ಸಿನಿಮಾ?

ತೋರಿಸುವ ಕ್ರಮದಲ್ಲೇ ಹೇಳುತ್ತೇನೆ. ‘ಒಂದಾನೊಂದು ಕಾಲದಲ್ಲಿ’ (1978), ‘ಮಿಂಚಿನ ಓಟ’ (1980), ‘ಆಟೋ ರಾಜ’ (1980), ‘ಗೀತಾ’ (1981), ‘ಆಕ್ಸಿಡೆಂಟ್’ (1985), ‘ಸಾಂಗ್ಲಿಯಾನ’ (1988), ‘ತರ್ಕ’ (1989). ತಯಾರಾದ ವರ್ಷದ ಪ್ರಕಾರವೇ ಜೋಡಿಸಿದ್ದೇವೆ. ಏಳನ್ನೂ ಹೀಗೆ ಸಾಲಾಗಿ ನೋಡಿದರೆ ಒಬ್ಬ ಹುಡುಗ ನಟನಾಗಿ ಹೇಗೆ ಬೆಳೆದ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಶಂಕರ್‌ನಾಗ್ ಅಂದರೆ ನಮಗೆಲ್ಲ ಗೊತ್ತಲ್ಲ. ಮತ್ತೆ ಯಾಕೆ ಈ ಸರಣಿ?

ಈ ಪ್ರಶ್ನೆ ಕೇಳಿದವರಿಗೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಅವರ ಎಷ್ಟು ಸಿನಿಮಾ ಪೂರ್ತಿ ನೋಡಿದ್ದೀರಿ?

ನಮ್ಮ ಬಳಗದಲ್ಲೇ ಕೇಳಿ ನೋಡಿದೆವು. ಮೂವತ್ತರ ಒಳಗಿನವರು ಒಂದೋ ಎರಡೋ ಅಂದರು. ಅದೂ ಟಿ.ವಿ.ಯಲ್ಲಿ, ಅರ್ಧಂಬರ್ಧ. ಆದರೆ ಮುಖ ಮಾತ್ರ ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ನೋಡಿ, ಹತ್ತು ಆಟೋ ಹೋದರೆ ಒಂದರ ಹಿಂದಾದರೂ ಆ ಗಡ್ಡದ ಮುಖ ಇರುತ್ತದೆ. ನಮ್ಮ ಹಾಲಿನ ಎದುರು ದಿನಾ ನಿಲ್ಲುವ ಒಂದು ಆಟೋ ಇದೆ. ಅದರ ಹಿಂದಿನ ಗಾಜಿನ ಸ್ಟಿಕ್ಕರ್ ಬಿಸಿಲಿಗೆ ಎಷ್ಟು ಬಿಳುಚಿದೆ ಅಂದರೆ ಮೂಗು, ಕೆನ್ನೆ ಎಲ್ಲ ಅಳಿಸಿಹೋಗಿ ಕಣ್ಣು, ಗಡ್ಡ ಮಾತ್ರ ಉಳಿದಿವೆ. ಆದರೂ ಅದು ಯಾರು ಅಂತ ಯಾರೂ ಕೇಳುವುದಿಲ್ಲ.

ಆ ಪ್ರೀತಿ ದೊಡ್ಡದು. ನಮಗೂ ಇದೆ. ಆದರೆ ಫೋಟೋ ಓಡಾಡಿದಷ್ಟು ಸಿನಿಮಾ ಓಡಾಡಿಲ್ಲ ಅನ್ನುವುದು ನನ್ನ ಬಹಳ ದಿನದ ಬೇಜಾರು. ಅವರ ಬಗ್ಗೆ ಮಾತು ಬಂದರೆ ಮೆಟ್ರೋ ಕನಸು ಕಂಡಿದ್ದರು, ನಿದ್ದೆ ಮಾಡದೆ ದುಡಿಯುತ್ತಿದ್ದರು, ಬೇಗ ಹೋಗಿಬಿಟ್ಟರು ಅಂತ ಹೇಳುತ್ತೇವೆ. ಎಲ್ಲವೂ ಸರಿ. ನಟನೆಯ ಬಗ್ಗೆ ಮಾತ್ರ ಮಾತೇ ಆಡುವುದಿಲ್ಲ. ಅವರು ಹೇಗೆ ನಡೆಯುತ್ತಿದ್ದರು, ಎದುರಿನವರು ಮಾತಾಡುವಾಗ ಹೇಗೆ ಕೇಳಿಸಿಕೊಳ್ಳುತ್ತಿದ್ದರು, ಹೊಡೆದಾಟದ ಸಿನಿಮಾದಲ್ಲೂ ಒಂದು ಸಣ್ಣ ನಗುವನ್ನು ಎಲ್ಲಿ ಇಡುತ್ತಿದ್ದರು ಅನ್ನುವುದನ್ನು ದೊಡ್ಡ ಪರದೆಯಲ್ಲಿ, ನಾಲ್ಕು ಜನರ ಜೊತೆ ಕೂತು ನೋಡಬೇಕು. ಈ ಸರಣಿ ಮಾಡುತ್ತಿರುವುದೇ ಅದಕ್ಕೆ.

ಅವರು ನಮ್ಮ ಜಿಲ್ಲೆಯವರಲ್ಲವಲ್ಲ. ಶಿವಮೊಗ್ಗಕ್ಕೂ ಅವರಿಗೂ ಏನು ಸಂಬಂಧ?

ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ, ಘಟ್ಟ ಇಳಿದು ಸಮುದ್ರ ಸೇರುವುದು ಅದೇ ಹೊನ್ನಾವರದಲ್ಲಿ. ನಮ್ಮ ಹೊಳೆ ಹೋಗಿ ಮುಟ್ಟುವ ಊರಿನ ಕಡೆಯವರು ಅಂತ ಇಟ್ಟುಕೊಳ್ಳಿ.

ಇನ್ನೂ ಹತ್ತಿರದ ನಂಟು ಆಗುಂಬೆ. ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿ ಅನ್ನುವ ಊರನ್ನು ದೂರದರ್ಶನಕ್ಕಾಗಿ ಶಂಕರ್‌ನಾಗ್ ಕಟ್ಟಿದ್ದು ಅಲ್ಲೇ, 1980ರ ದಶಕದ ನಡುವೆ. ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿಗೆ ಕ್ಯಾಮೆರಾ, ಲೈಟು, ಕಲಾವಿದರನ್ನೆಲ್ಲ ಕರೆದುಕೊಂಡು ಬಂದು ಧಾರಾವಾಹಿ ಮಾಡುವುದು ಸುಮ್ನೆ ಮಾತಲ್ಲ. ಆಗುಂಬೆಯ ದೊಡ್ಡಮನೆ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು. ಊರಿನ ಜನ ಮಾಲ್ಗುಡಿಯ ಜನರಾದರು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರ ನಡುವೆ ಬ್ರಿಟಿಷ್ ಸಾಹೇಬನೊಬ್ಬನ ಪ್ರತಿಮೆ ನಿಲ್ಲಿಸಿದರು. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣುವುದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಆ ಹಳೆಯ ನಿಲ್ದಾಣದ ಕಟ್ಟಡ 2020ರಿಂದ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ಕೊನೆಯ ನಂಟು ಹೇಳುವುದಕ್ಕೆ ಕಷ್ಟ. 1990ರ ಸೆಪ್ಟೆಂಬರ್ 30ರಂದು ಅವರ ಕಾರು ಅಪಘಾತಕ್ಕೆ ಸಿಕ್ಕಿದ್ದು ಪಕ್ಕದ ದಾವಣಗೆರೆಯ ಆನಗೋಡಿನ ಹತ್ತಿರ. ಆಗ ಅವರಿಗೆ 35 ವರ್ಷ. ಆ ದಿನ ರೇಡಿಯೋದಲ್ಲಿ ಸುದ್ದಿ ಕೇಳಿದವರು ನಮ್ಮ ಊರಿನಲ್ಲಿ ಇನ್ನೂ ಬಹಳ ಜನ ಇದ್ದಾರೆ. ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು ಅನ್ನುವುದೆಲ್ಲ ಅವರಿಗೆ ನೆನಪಿದೆ.

ಒಂದೇ ಒಂದು ಸಿನಿಮಾಕ್ಕೆ ಬರುವಷ್ಟು ಬಿಡುವಿದೆ. ಯಾವುದಕ್ಕೆ ಬರಲಿ?

‘ಆಕ್ಸಿಡೆಂಟ್’ಗೆ ಬನ್ನಿ. ಯೋಚನೆ ಮಾಡದೆ ಹೇಳುತ್ತಿದ್ದೇನೆ.

ಅಮಲಿನಲ್ಲಿ ಕಾರು ಓಡಿಸಿದ ದೊಡ್ಡವರ ಮಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಗಾಡಿ ಹತ್ತಿಸುತ್ತಾನೆ. ಅಪ್ಪ ರಾಜಕಾರಣಿ, ಚುನಾವಣೆ ಎದುರಿಗಿದೆ. ಮುಚ್ಚಿಹಾಕುವ ಕೆಲಸ ಶುರುವಾಗುತ್ತದೆ. ಅಪ್ಪನ ಪಾತ್ರ ಶಂಕರ್‌ನಾಗ್ ಅವರ ಅಣ್ಣ ಅನಂತ್‌ನಾಗ್ ಅವರದು. ಸತ್ಯ ಹುಡುಕಿ ಹೊರಡುವ ಪತ್ರಕರ್ತ ಶಂಕರ್‌ನಾಗ್. ನಿರ್ದೇಶನವೂ ಅವರದೇ. ಒಂದು ಹಾಡೂ ಇಲ್ಲ. ಹಿನ್ನೆಲೆ ಸಂಗೀತ ಇಳಯರಾಜ ಅವರದು. ಸಾಮಾಜಿಕ ವಿಷಯದ ಸಿನಿಮಾ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಇವತ್ತಿನ ಪೇಪರಿನಲ್ಲಿ ಬಂದ ಸುದ್ದಿ ಅನ್ನಿಸುತ್ತದೆ, ಅಲ್ವಾ?

ನಟನೆ ನೋಡಬೇಕಾದ್ದು ಎಲ್ಲಿ ಅಂದರೆ, ಇಲ್ಲಿ ಅವರು ಹೀರೋ ಥರ ನಿಲ್ಲುವುದೇ ಇಲ್ಲ. ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಮತ್ತೆ ಕೇಳುತ್ತಾರೆ. ಜಾಗವನ್ನೆಲ್ಲ ಅಣ್ಣನಿಗೂ ಸುತ್ತಲಿನ ಪಾತ್ರಗಳಿಗೂ ಬಿಟ್ಟುಕೊಡುತ್ತಾರೆ. ಆ ಹೊತ್ತಿಗೆ ಅವರು ಥಿಯೇಟರ್ ತುಂಬಿಸುವ ನಟ. ಅಂಥವರು ತಮ್ಮದೇ ಸಿನಿಮಾದಲ್ಲಿ ಪಕ್ಕಕ್ಕೆ ಸರಿದು ನಿಲ್ಲುವುದು ನನಗೆ ಇವತ್ತಿಗೂ ಆಶ್ಚರ್ಯ.

‘ಒಂದಾನೊಂದು ಕಾಲದಲ್ಲಿ’ ಆರ್ಟ್ ಸಿನಿಮಾ ಅಂತೆ. ನಮಗೆ ಅರ್ಥ ಆಗುತ್ತಾ?

ಖಂಡಿತ ಆಗುತ್ತದೆ. ಕತ್ತಿ ಇದೆ, ಕಾಡು ಇದೆ, ಅಣ್ಣತಮ್ಮಂದಿರ ಜಗಳ ಇದೆ, ದುಡ್ಡಿಗೆ ದುಡಿಯುವ ಒಬ್ಬ ಯೋಧ ಇದ್ದಾನೆ. ಅವನ ಹೆಸರು ಗಂಡುಗಲಿ. ಹೊಯ್ಸಳರ ಕಾಲದ ಕಥೆ. ಗಿರೀಶ್ ಕಾರ್ನಾಡ್ ನಿರ್ದೇಶನ. ಜಪಾನಿನ ಕುರೊಸಾವ ಅವರ ಸಮುರಾಯ್ ಸಿನಿಮಾಗಳ ನೆರಳು ಇದರ ಮೇಲಿದೆ. ಆದರೆ ಮಣ್ಣು ಪೂರ್ತಿ ನಮ್ಮದು.

ಮುಂಬೈಯಲ್ಲಿ ಮರಾಠಿ ರಂಗಭೂಮಿಯಲ್ಲಿ ದುಡಿಯುತ್ತಿದ್ದ ಹುಡುಗ ಕನ್ನಡ ಸಿನಿಮಾಕ್ಕೆ ಬಂದದ್ದು ಈ ಪಾತ್ರದಿಂದ. 1979ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಆಗ ವಯಸ್ಸು 24. ಮೊದಲ ಕನ್ನಡ ಸಿನಿಮಾಕ್ಕೇ!

ಎದುರಿಗೆ ಪೆರ್ಮಾಡಿಯಾಗಿ ನಿಂತವರು ಸುಂದರಕೃಷ್ಣ ಅರಸ್. ಆ ದನಿ ಇದೆಯಲ್ಲ, ಅದನ್ನು ದೊಡ್ಡ ಸ್ಪೀಕರಿನಲ್ಲೇ ಕೇಳಬೇಕು. ಅರಸ್ ಬಂಡೆ ಥರ ನಿಂತರೆ ಶಂಕರ್‌ನಾಗ್ ಬಳ್ಳಿ ಥರ ಬಾಗುತ್ತಾರೆ, ಜಿಗಿಯುತ್ತಾರೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರುವಾಗ ಕಾಲುಗಳನ್ನು ನೋಡಿ. ನಾನು ಮೂರನೇ ಸಲ ನೋಡುವಾಗ ಬರೀ ಕಾಲುಗಳನ್ನೇ ನೋಡಿದೆ. ಯಾರಿಗೆ ಯಾವಾಗ ಅನುಮಾನ, ಯಾವಾಗ ಗೌರವ ಅನ್ನುವುದು ಹೆಜ್ಜೆ ಇಡುವ ರೀತಿಯಲ್ಲೇ ಗೊತ್ತಾಗುತ್ತದೆ.

‘ಒಂದು ಮುತ್ತಿನ ಕಥೆ’ ಯಾಕೆ ಇಲ್ಲ?

ಅದು 1987ರಲ್ಲಿ ಅವರು ರಾಜ್‌ಕುಮಾರ್ ಅವರಿಗೆ ನಿರ್ದೇಶನ ಮಾಡಿದ ಸಿನಿಮಾ. ಈ ಸರಣಿ ನಟ ಶಂಕರ್‌ನಾಗ್ ಬಗ್ಗೆ. ಅದಕ್ಕೇ ಅವರು ಪರದೆ ಮೇಲೆ ಇರುವ ಸಿನಿಮಾಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ‘ಮಾಲ್ಗುಡಿ ಡೇಸ್’ ಒಂದಕ್ಕೆ ವಿನಾಯಿತಿ. ಆಗುಂಬೆ ಇರುವ ಜಿಲ್ಲೆಯಲ್ಲಿ ಅದನ್ನು ಬಿಡುವುದಕ್ಕೆ ಮನಸ್ಸು ಬರಲಿಲ್ಲ.

‘ಸಾಂಗ್ಲಿಯಾನ’, ‘ಆಟೋ ರಾಜ’ ಎಲ್ಲ ಕಮರ್ಷಿಯಲ್ ಅಲ್ವಾ? ಇಂಥ ಬಳಗದವರು ಅದನ್ನೂ ತೋರಿಸುತ್ತೀರಾ?

ತೋರಿಸುತ್ತೇವೆ, ಹೆಮ್ಮೆಯಿಂದ ತೋರಿಸುತ್ತೇವೆ. 1978ರಿಂದ 1990ರವರೆಗೆ 12 ವರ್ಷದಲ್ಲಿ ಅವರು 80ಕ್ಕೂ ಜಾಸ್ತಿ ಸಿನಿಮಾದಲ್ಲಿ ನಟಿಸಿದರು. ಜನ ಅವರನ್ನು ಕರಾಟೆ ಕಿಂಗ್ ಅಂತ ಕರೆದರು. ಎಲ್ಲವೂ ಒಳ್ಳೆಯ ಸಿನಿಮಾ ಅಂತ ನಾನು ಹೇಳುವುದಿಲ್ಲ. ಕೆಲವು ಅವಸರದ ಅಡುಗೆ. ಆದರೆ ಬೆಳಗ್ಗೆ ಹೊಡೆದಾಟ, ರಾತ್ರಿ ನಾಟಕದ ತಾಲೀಮು ಅಂತ ಬದುಕಿದವರು ಅವರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ಅರ್ಧ ಮನುಷ್ಯನನ್ನು ತೋರಿಸಿದ ಹಾಗೆ.

‘ಸಾಂಗ್ಲಿಯಾನ’ಕ್ಕೆ ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ನಿಜವಾದ ಪೊಲೀಸ್ ಅಧಿಕಾರಿಯ ಹೆಸರನ್ನೇ ಇಟ್ಟರು. ಪಿ. ನಂಜುಂಡಪ್ಪ ನಿರ್ದೇಶನ. ಅದನ್ನು ನೋಡಿ ಮುಂದಿನ ವಾರ ‘ತರ್ಕ’ ನೋಡಿ. ಅದು ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಸಿನಿಮಾ. ಹಾಡಿಲ್ಲ. ಒಂದು ಮನೆ, ಒಂದು ಕೊಲೆ, ಕೆಲವೇ ಕೆಲವು ಜನ. ಒಂದು ವರ್ಷದ ಅಂತರದಲ್ಲಿ ಬಂದ ಈ ಎರಡರಲ್ಲೂ ಇರುವುದು ಒಬ್ಬರೇ ನಟ ಅನ್ನುವುದನ್ನು ನಿಮ್ಮ ಮಕ್ಕಳಿಗೆ ತೋರಿಸಿ.

ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತಲ್ಲ, ಟಿಕೆಟ್ ತಗೊಂಡು ಯಾಕೆ ಬರಬೇಕು?

ಮನೆಯಲ್ಲಿ ನೋಡಿ, ಬೇಡ ಅನ್ನುವುದಿಲ್ಲ. ನೋಡಿಯೂ ಬನ್ನಿ. ಆದರೆ ಅಲ್ಲಿ ಓಡಾಡುವ ಪ್ರತಿಗಳಲ್ಲಿ ಎಷ್ಟೋ ಟಿ.ವಿ.ಯಿಂದ ಇಳಿಸಿಕೊಂಡವು. ಎಡ ಬಲ ಕತ್ತರಿಸಿರುತ್ತದೆ. ಮೂಲೆಯಲ್ಲಿ ಚಾನೆಲ್ಲಿನ ಗುರುತು. ‘ಮಿಂಚಿನ ಓಟ’ದಲ್ಲಿ ಮೂವರು ಕಾರು ಕಳ್ಳರು, ಅನಂತ್‌ನಾಗ್, ಶಂಕರ್‌ನಾಗ್, ಲೋಕನಾಥ್, ಒಟ್ಟಿಗೆ ಇರುವ ದೃಶ್ಯಗಳು ಬೇಕಾದಷ್ಟಿವೆ. ಒಬ್ಬರು ಮಾತಾಡುವಾಗ ಉಳಿದಿಬ್ಬರ ಮುಖದಲ್ಲಿ ಏನು ನಡೆಯುತ್ತಿದೆ ಅನ್ನುವುದೇ ಅಲ್ಲಿನ ರುಚಿ. ಫೋನಿನಲ್ಲಿ ಅದು ಕಡಲೆಕಾಳಿನಷ್ಟು ಕಾಣುತ್ತದೆ. ಹನ್ನೆರಡು ಅಡಿ ಪರದೆಯಲ್ಲಿ ಲೋಕನಾಥ್ ಅವರ ಹುಬ್ಬು ಏರುವುದೂ ಕಾಣುತ್ತದೆ.

ಇನ್ನೊಂದು ವಿಷಯ. ನಾವು ಸಿನಿಮಾ ತೋರಿಸುವಾಗ ಹಕ್ಕು ಇರುವವರಿಂದ ಅನುಮತಿ ತಗೊಂಡು, ಅವರು ಕೇಳಿದ ಹಣ ಕೊಟ್ಟೇ ತೋರಿಸುತ್ತೇವೆ. ನಿಮ್ಮ ಟಿಕೆಟ್ಟಿನ ದೊಡ್ಡ ಪಾಲು ಹೋಗುವುದು ಅಲ್ಲಿಗೆ.

ಪ್ರಿಂಟ್ ಚೆನ್ನಾಗಿದೆಯಾ? ರೀಲಿನಲ್ಲಿ ತೋರಿಸುತ್ತೀರಾ?

ಎಲ್ಲವೂ ಡಿಜಿಟಲ್ ಪ್ರತಿ. ರೀಲಿನಲ್ಲಿ ತೋರಿಸುವ ಆಸೆ ನಮಗೂ ಇತ್ತು. ಅದಕ್ಕಾಗಿ ತುಂಬ ಓಡಾಡಿದೆವು. ಮಲೆನಾಡಿನ ಒಂದು ಊರಿನಲ್ಲಿ ಮುಚ್ಚಿಹೋದ ಟಾಕೀಸಿನ ಮಾಲೀಕರು ಅಟ್ಟದ ಮೇಲೆ ಡಬ್ಬಗಳಿವೆ, ಬಂದು ನೋಡಿ ಅಂದರು. ಹೋದೆವು. ತುಕ್ಕು ಹಿಡಿದ ತಗಡಿನ ಡಬ್ಬದ ಮುಚ್ಚಳ ಎಬ್ಬಿಸಿದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್ ಬಾಟಲಿ ತೆಗೆದ ಹಾಗೆ. ಒಳಗೆ ಫಿಲ್ಮ್ ಸುರುಳಿ ಒಂದಕ್ಕೊಂದು ಅಂಟಿಕೊಂಡು, ಅಂಚು ಹಪ್ಪಳದ ಥರ ಡೊಂಕಾಗಿತ್ತು. ಬೆರಳು ತಾಗಿಸಿದರೆ ಪುಡಿ.

ಆ ಕಾಲದ ಫಿಲ್ಮ್ ತಯಾರಾಗುತ್ತಿದ್ದದ್ದು ಅಸಿಟೇಟಿನಿಂದ. ಸೆಕೆ, ತೇವ ಎರಡೂ ಸಿಕ್ಕರೆ ಅದು ಕೊಳೆತು ವಿನೆಗರಿನಲ್ಲಿರುವ ಆಮ್ಲವನ್ನೇ ಬಿಡುತ್ತದೆ. ಒಂದು ಡಬ್ಬಕ್ಕೆ ಹಿಡಿದರೆ ಪಕ್ಕದ್ದಕ್ಕೂ ಹಬ್ಬುತ್ತದೆ. ತಂಪಾದ, ಒಣಗಿದ ಕೋಣೆಯಲ್ಲಿಟ್ಟರೆ ಮಾತ್ರ ಬಾಳಿಕೆ. ಜೂನಿನಲ್ಲಿ ಗೋಡೆ ಬೆವರುವ, ಚಪ್ಪಲಿಗೂ ಬೂಸ್ಟು ಬರುವ ನಮ್ಮ ಊರುಗಳಲ್ಲಿ ಅದು ಎಲ್ಲಿ ಉಳಿಯಬೇಕು? ಆ ಮಾಲೀಕರು ಡಬ್ಬದ ಮುಚ್ಚಳವನ್ನು ಮತ್ತೆ ಮೆಲ್ಲಗೆ ಹಾಕಿ, ಪಂಚೆಯ ತುದಿಯಲ್ಲಿ ಧೂಳು ಒರೆಸಿ, ಇದ್ದಲ್ಲೇ ಇಟ್ಟರು. ಏನೂ ಮಾತಾಡಲಿಲ್ಲ.

ನಿಮ್ಮ ಮನೆಯಲ್ಲೋ ಗೊತ್ತಿದ್ದವರ ಹಳೆಯ ಟಾಕೀಸಿನಲ್ಲೋ ಡಬ್ಬಗಳಿದ್ದರೆ ದಯವಿಟ್ಟು ನೀವೇ ಬಿಚ್ಚಬೇಡಿ, ಗುಜರಿಗೂ ಹಾಕಬೇಡಿ. ನಮಗೆ ಹೇಳಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ. ಉಳಿಸುವಂಥದ್ದು ಏನಾದರೂ ಇದ್ದರೆ ಅಲ್ಲಿಗೆ ಬರೆಯುವ ಕೆಲಸ ನಾವು ಮಾಡುತ್ತೇವೆ.

ಡಿಜಿಟಲ್ ಪ್ರತಿಗಳೂ ಎಲ್ಲ ಒಂದೇ ಮಟ್ಟದಲ್ಲಿಲ್ಲ. ‘ಆಟೋ ರಾಜ’ದ ಬಣ್ಣ ಕೆಲವು ಕಡೆ ಕೆಂಪಗಾಗಿದೆ. ಹಿಂದೊಮ್ಮೆ ಬೇರೆ ಸಿನಿಮಾಕ್ಕೆ ಒಂದು ಕಡೆಯಿಂದ ತರಿಸಿದ ಪ್ರತಿಯಲ್ಲಿ ಕೊನೆಯ ಹತ್ತು ನಿಮಿಷವೇ ಇರಲಿಲ್ಲ. ಎಲ್ಲರ ಎದುರು ನಿಂತು ಕಥೆಯ ಕೊನೆಯನ್ನು ಬಾಯಲ್ಲಿ ಹೇಳಬೇಕಾಯಿತು. ಅವತ್ತಿನಿಂದ ಪ್ರತಿ ಸಿನಿಮಾವನ್ನೂ ಮೊದಲೇ ಪೂರ್ತಿ ಓಡಿಸಿ ನೋಡುತ್ತೇವೆ. ಈ ಏಳನ್ನೂ ನೋಡಿದ್ದೇವೆ.

ತೆರೆಯ ಮೂಲೆಯಲ್ಲಿ ಆಗಾಗ ಒಂದು ದುಂಡು ಚುಕ್ಕಿ ಬರುತ್ತದೆ. ಅದು ಹಾಳಾದ ಗುರುತಾ?

ಅಲ್ಲ. ಹಳೇ ಟಾಕೀಸುಗಳಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರ ರೀಲು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಶುರು ಮಾಡಬೇಕು. ಬಲ ಮೇಲ್ಮೂಲೆಯಲ್ಲಿ ಮೊದಲ ಚುಕ್ಕಿ ಬಂದಾಗ ಆಪರೇಟರ್ ಎರಡನೇ ಯಂತ್ರ ಓಡಿಸುತ್ತಿದ್ದರು. ಕೆಲವೇ ಸೆಕೆಂಡಿನಲ್ಲಿ ಎರಡನೇ ಚುಕ್ಕಿ ಬಂದ ಕೂಡಲೇ ಅದರ ಬೆಳಕನ್ನು ಪರದೆಗೆ ಬಿಡುತ್ತಿದ್ದರು. ಪ್ರಿಂಟಿನಿಂದ ಡಿಜಿಟಲ್ ಮಾಡುವಾಗ ಆ ಚುಕ್ಕಿಯೂ ಜೊತೆಗೆ ಬಂದಿದೆ. ಕಂಡರೆ ಆ ಆಪರೇಟರನ್ನು ನೆನೆಸಿಕೊಳ್ಳಿ.

ಟಿಕೆಟ್ ಎಷ್ಟು?

ಒಂದು ಸಿನಿಮಾಕ್ಕೆ 50 ರೂಪಾಯಿ. ಏಳಕ್ಕೂ ಸೇರಿ 250. ಬಾಗಿಲಲ್ಲೇ ಕೊಡುತ್ತೇವೆ. ಶಾಲೆ, ಕಾಲೇಜಿನ ಮಕ್ಕಳಿಗೆ 20. ಗಾಂಧಿ ಕ್ಲಾಸು, ಬಾಲ್ಕನಿ ಅಂತ ಭೇದ ಇಲ್ಲ. ಮೊದಲು ಬಂದವರಿಗೆ ಇಷ್ಟವಾದ ಕುರ್ಚಿ.

ಆಟೋ ಚಾಲಕರಿಗೆ ರಿಯಾಯಿತಿ ಇದೆಯಾ?

‘ಆಟೋ ರಾಜ’ದ ದಿನ ಆಟೋ ಚಾಲಕರಿಗೂ ಅವರ ಮನೆಯವರಿಗೂ ಟಿಕೆಟ್ ಇಲ್ಲ, ಸುಮ್ನೆ ಬನ್ನಿ. ಮುಂದಿನ ಎರಡು ಸಾಲು ನಿಮಗೇ ಬಿಟ್ಟಿದ್ದೇವೆ. ಇಷ್ಟು ವರ್ಷ ಆ ಮುಖವನ್ನು ಊರೆಲ್ಲ ಹೊತ್ತು ತಿರುಗಿಸಿದವರು ನೀವು.

ಶಿಳ್ಳೆ ಹೊಡೆಯಬಹುದಾ?

‘ಆಟೋ ರಾಜ’, ‘ಸಾಂಗ್ಲಿಯಾನ’ಕ್ಕೆ ಮನಸಾರೆ ಹೊಡೆಯಿರಿ. ‘ಆಕ್ಸಿಡೆಂಟ್’, ‘ತರ್ಕ’ಕ್ಕೆ ಬೇಡ. ಅಲ್ಲಿ ಮೌನಕ್ಕೂ ಕೆಲಸ ಇದೆ. ಪಟಾಕಿ, ಹಾಲಿನ ಅಭಿಷೇಕ ಯಾವ ದಿನವೂ ಬೇಡ.

ಅಡಿಕೆ ಕೊಯ್ಲಿನ ಹೊತ್ತಲ್ಲಿ ಇಟ್ಟಿದ್ದೀರಲ್ಲ, ನಾವು ಬರುವುದು ಹೇಗೆ?

ಈ ದೂರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಜಾಸ್ತಿ ಬಂದಿದೆ. ನ್ಯಾಯವಾದ ದೂರು. ಹಗಲು ಕೊಯ್ಲು, ರಾತ್ರಿ ಸುಲಿಯುವ ಕೆಲಸ, ಬೇಯಿಸಿದ್ದನ್ನು ಒಣಗಿಸುವ ಚಿಂತೆ. ಯಾರಿಗೆ ಬಿಡುವು? ಆದರೆ ಹುಟ್ಟುಹಬ್ಬದ ದಿನ ಶುರು ಮಾಡಬೇಕು ಅನ್ನುವ ಆಸೆ ಬಿಡಲಾಗಲಿಲ್ಲ. ಅದಕ್ಕೆ ಒಂದು ದಾರಿ ಮಾಡಿದ್ದೇವೆ. ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ‘ಆಕ್ಸಿಡೆಂಟ್’ ಮತ್ತು ‘ಮಿಂಚಿನ ಓಟ’ವನ್ನು ಪ್ರೊಜೆಕ್ಟರ್ ಹೊತ್ತುಕೊಂಡು ಬಂದು ನಿಮ್ಮ ಊರಲ್ಲೇ ತೋರಿಸುತ್ತೇವೆ. ಒಂದು ಅಂಗಳ ಅಥವಾ ಶಾಲೆಯ ಹಾಲು, ಒಂದು ಕರೆಂಟ್ ಪಾಯಿಂಟು, ನಲವತ್ತು ಜನ ಇದ್ದರೆ ಸಾಕು.

ಇದು ನಮ್ಮ ಹೊಸ ಯೋಚನೆ ಏನಲ್ಲ. ಹೆಗ್ಗೋಡಿನ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಹಳ್ಳಿಯ ಜನರ ಎದುರು ಜಗತ್ತಿನ ದೊಡ್ಡ ಸಿನಿಮಾಗಳನ್ನು ಇಟ್ಟಿತು. ಕೆ.ವಿ. ಸುಬ್ಬಣ್ಣ ಮತ್ತು ಅವರ ಜೊತೆಯವರು ಹಾಕಿದ ದಾರಿಯಲ್ಲೇ ನಾವು ಎರಡು ಹೆಜ್ಜೆ ಇಡುತ್ತಿದ್ದೇವೆ.

ಕೊನೆ ಬಸ್ಸು ಸಿಗುತ್ತಾ?

ಸಂಜೆ ಏಳೂವರೆ ಒಳಗೆ ಎಲ್ಲ ಮುಗಿಯುತ್ತದೆ. ಸಿನಿಮಾ ಆದ ಮೇಲೆ ಮಾತುಕತೆ ಇರುತ್ತದೆ. ಬಸ್ಸಿಗೆ ಹೊತ್ತಾದವರು ಮಧ್ಯದಲ್ಲೇ ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಕರೆಂಟ್ ಹೋದರೆ?

ಯುಪಿಎಸ್ ಇದೆ, ಜನರೇಟರ್ ಇದೆ. ಐದು ನಿಮಿಷ ಕೂತಿರಿ.

ಸಿನಿಮಾದವರು ಯಾರಾದರೂ ಬರುತ್ತಾರಾ?

ಇಲ್ಲ. ನಾವು ಯಾರನ್ನೂ ಕರೆದಿಲ್ಲ. ನಮ್ಮ ಅತಿಥಿಗಳು ನಮ್ಮ ಊರವರೇ. ಈ ಸಿನಿಮಾಗಳನ್ನು ಬಿಡುಗಡೆಯಾದಾಗಲೇ ಟಾಕೀಸಿನಲ್ಲೋ ಟೆಂಟಿನಲ್ಲೋ ನೋಡಿದ ಒಬ್ಬರು ಪ್ರತಿ ವಾರ ಹತ್ತು ನಿಮಿಷ ಮಾತಾಡುತ್ತಾರೆ. ಮೊದಲ ವಾರಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಇದ್ದರೆ ಹೇಳಿ. ಮೈಕ್ ಕಂಡರೆ ಹೆದರುವವರಾದರೆ ಕುರ್ಚಿಯಲ್ಲೇ ಕೂತು ಹೇಳಲಿ, ನಾವೇ ಸುತ್ತ ಕೂರುತ್ತೇವೆ.

ಮಕ್ಕಳನ್ನು ಕರೆದುಕೊಂಡು ಬರಬಹುದಾ?

‘ಮಾಲ್ಗುಡಿ ಡೇಸ್’ಗೆ ಕರೆದುಕೊಂಡೇ ಬನ್ನಿ. ಅದು ಹಿಂದಿಯಲ್ಲಿದೆ. ನಮ್ಮ ಬಳಗದ ಇಬ್ಬರು ಪ್ರತಿ ಕಂತಿಗೆ ಮುಂಚೆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾರೆ. ‘ಆಕ್ಸಿಡೆಂಟ್’ನಲ್ಲಿ ಮಾದಕ ವಸ್ತು, ಸಾವು ಇವೆ. ‘ತರ್ಕ’ದಲ್ಲಿ ಕೊಲೆ ಇದೆ. ಈ ಎರಡಕ್ಕೆ ಹೈಸ್ಕೂಲಿಗಿಂತ ಚಿಕ್ಕವರು ಬೇಡ ಅನ್ನುವುದು ನನ್ನ ಮಾತು. ‘ಗೀತಾ’ ನೋಡಿ ಮಕ್ಕಳು ಅಳಬಹುದು. ದೊಡ್ಡವರೂ ಅಳುತ್ತಾರೆ.

ಇಂಟರ್ವಲ್‌ನಲ್ಲಿ ತಿನ್ನಲು ಏನಿದೆ?

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ, ಕಷಾಯ. ಹಾಲಿನ ಒಳಗೆ ಕಾಫಿ ಮಾತ್ರ ತರಬಹುದು.

ನಮ್ಮಲ್ಲಿ ಹಳೆಯ ಪೋಸ್ಟರ್, ಹಾಡಿನ ಪುಸ್ತಕ, ಟಿಕೆಟ್ ಇವೆ. ಬೇಕಾ?

ಬೇಕು, ತುಂಬಾ ಬೇಕು! ಹಾಲಿನ ಹೊರಗಿನ ಗೋಡೆಯಲ್ಲಿ ಏಳು ವಾರವೂ ಪ್ರದರ್ಶನಕ್ಕೆ ಇಡುತ್ತೇವೆ. ಮೂಲವನ್ನು ಅವತ್ತೇ ಫೋಟೋ ತೆಗೆದು ನಿಮ್ಮ ಕೈಗೆ ವಾಪಸ್ ಕೊಡುತ್ತೇವೆ, ಗೋಡೆಗೆ ಹೋಗುವುದು ಪ್ರತಿ ಮಾತ್ರ. ಈಗಾಗಲೇ ಒಬ್ಬ ಅಮ್ಮ ‘ಗೀತಾ’ದ ಹಾಡಿನ ಪುಸ್ತಕ ತಂದುಕೊಟ್ಟಿದ್ದಾರೆ. ನಾಲ್ಕಾಣೆ ಅಗಲದ ಕಾಫಿ ಕಲೆ ಮುಖಪುಟದ ಮೇಲಿದೆ. ಮಡಿಕೆಯಲ್ಲಿ ಹರಿದಲ್ಲಿ ಅವರೇ ದಾರ ಹಾಕಿ ಹೊಲಿದಿದ್ದಾರೆ. ನೀವು ತರುವಾಗ ಮಡಚಬೇಡಿ, ಸುತ್ತಿ ತನ್ನಿ. ಹಿಂದುಗಡೆ ನಿಮ್ಮ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನು ಬೇಡ, ಶಾಯಿ ಆ ಕಡೆಗೆ ಇಳಿಯುತ್ತದೆ.